ಧ್ವನಿಯನ್ನು ಅಂಕಿಗಳಲ್ಲಿ ಬರೆಯುವ ವಿದ್ಯೆ

ನಮ್ಮ ಶಾಲೆಯಿಂದ ಹೊರಟು ಇಂಜಿನಿಯರಿಂಗ್ ಕಾಲೇಜುಗಳನ್ನು ಸೇರಿರುವ ಹಳೆಯ ವಿದ್ಯಾರ್ಥಿನಿಯರು ರಜಾಕಾಲದಲ್ಲಿ ನಮ್ಮನ್ನು ನೋಡಲು ಬರುವುದುಂಟು. ಯಾವ ಪಾಠವು ಕಠಿನವೆಂದು ಕೇಳಿದರೆ, ಎಲೆಕ್ಟ್ರಾನಿಕ್ಸ್ ಶಾಖೆಯವರು ಬಹುಮಟ್ಟಿಗೆ ಒಂದೇ ಹೆಸರನ್ನು ಹೇಳುವರು. ‘ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್’ ಎಂಬುದೇ ಅದು. ಸೂತ್ರಗಳನ್ನು ಬಾಯಿಪಾಠಮಾಡಿ ಪರೀಕ್ಷೆಯನ್ನು ದಾಟಿದವರೂ ಅವರಲ್ಲಿದ್ದಾರೆ. ಇದು ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲವೆಂಬ ಮಾತನ್ನು ನಂಬಿ, ಗಣಿತವನ್ನೇ ಬಿಟ್ಟು ಬೇರೆ ದಾರಿಯನ್ನು ಹಿಡಿದವರೂ ಇದ್ದಾರೆ. ಈ ವಿದ್ಯೆಯ ಬೇರುಗಳು ನಮ್ಮ ಒಂಬತ್ತು ಹತ್ತನೆಯ ತರಗತಿಗಳ ಗಣಿತದಲ್ಲಿಯೇ ಇರುವುವೆಂದು ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ‘ಸಿಗ್ನಲ್’ ಎಂದರೇನೆಂಬುದನ್ನು ತಿಳಿಯೋಣ. ನಾವು ಕೀರ್ತನೆ ಹಾಡುವಾಗ ಗಾಳಿಯ ಒತ್ತಡವು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಕಾಲದೊಡನೆ ಹೀಗೆ ಬದಲಾಗುವ ಯಾವ ಪ್ರಮಾಣವಾದರೂ ಒಂದು ಸಿಗ್ನಲ್ ಎನಿಸಿಕೊಳ್ಳುವುದು. ಗಣಕಯಂತ್ರವು ಅಂಕಿಗಳನ್ನಲ್ಲದೆ ಬೇರೆ ಏನನ್ನೂ ಅರಿಯದು. ಆದುದರಿಂದ ಆ ಏರಿಳಿತವನ್ನು ಸಮವಾದ ಕಾಲಾಂತರಗಳಲ್ಲಿ ಅಳೆದು, ಅಳತೆಗಳನ್ನು ಸಾಲಾಗಿ ಬರೆದಿಡಬೇಕು. ೧೯೮೨ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಪ್ರತಿಯೊಂದು ಸೆಕೆಂಡಿಗೆ ೪೪,೧೦೦ ಅಳತೆಗಳಿವೆ. ಪ್ರತಿಯೊಂದು ಅಳತೆಯೂ ೬೫,೫೩೬ ಮೆಟ್ಟಲುಗಳಲ್ಲಿ ಒಂದರ ಮೇಲೆ ನಿಲ್ಲುವುದು. ರೇಖಾಪತ್ರದ ಮೇಲೆ ಬಿಂದುಗಳನ್ನು ಗುರುತಿಸಬಲ್ಲ ಹುಡುಗಿಗೆ ಇದರಲ್ಲಿ ಹೊಸತೇನೂ ಇಲ್ಲ.

ಎಷ್ಟು ಬೇಗಬೇಗನೆ ಅಳೆಯಬೇಕೆಂಬುದು ಮುಂದಿನ ಪ್ರಶ್ನೆ. ಧ್ವನಿಯಲ್ಲಿರುವ ಅತ್ಯಂತ ಹೆಚ್ಚಿನ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ನಿಯಮ. ೧೯೨೮ರಲ್ಲಿ ನೈಕ್ವಿಸ್ಟರೂ ೧೯೪೯ರಲ್ಲಿ ಶ್ಯಾನನ್ನರೂ ಪ್ರಕಟಿಸಿದ ಬರಹಗಳೊಡನೆ ಈ ನಿಯಮದ ಹೆಸರು ಸೇರಿಕೊಂಡಿದೆ. ನಿಯಮವನ್ನು ಮೀರಿದರೆ ವಿಚಿತ್ರವೊಂದು ಸಂಭವಿಸುವುದು. ಸೆಕೆಂಡಿಗೆ ೮,೦೦೦ ಸಲ ಅಳೆಯುವಾಗ ೫,೦೦೦ ಕಂಪನಗಳ ಸ್ವರವು ಬಂದರೆ, ಅದು ೩,೦೦೦ ಕಂಪನಗಳ ಸ್ವರದ ವೇಷವನ್ನು ಧರಿಸುವುದು. ಚಲಚ್ಚಿತ್ರದಲ್ಲಿ ಗಾಡಿಯ ಚಕ್ರವು ಹಿಂದಕ್ಕೆ ತಿರುಗುವಂತೆ ಕಾಣುವುದು ಇದೇ ಕಾರಣದಿಂದ. ಒಮ್ಮೆ ಅಂಕಿಗಳೊಳಗೆ ಸೇರಿದ ಈ ಸುಳ್ಳು ಸ್ವರವನ್ನು ನಿಜವಾದುದರಿಂದ ಬೇರ್ಪಡಿಸಲು ಆಮೇಲಿನ ಯಾವ ಗಣನೆಗೂ ಸಾಧ್ಯವಿಲ್ಲ. ಆದುದರಿಂದಲೇ ಅಳೆಯುವುದಕ್ಕೆ ಮುಂಚೆಯೇ ಮಿತಿಮೀರಿದ ಕಂಪನಗಳನ್ನು ತಡೆದುಬಿಡುತ್ತಾರೆ.

ಇನ್ನು ಈ ವಿದ್ಯೆಯ ಹೃದಯಭಾಗ. ಫ್ರಾನ್ಸ್ ದೇಶದ ಫೂರಿಯೇ ಎಂಬ ಪಂಡಿತರು ೧೮೨೨ರಲ್ಲಿ, ಶಾಖದ ಹರಿವನ್ನು ಕುರಿತ ತಮ್ಮ ಗ್ರಂಥದಲ್ಲಿ, ಜಟಿಲವಾದ ವಕ್ರರೇಖೆಗಳನ್ನು ಸೈನ್ ಮತ್ತು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದೆಂದು ತೋರಿಸಿದರು. ಹಾಗೆ ಬಿಡಿಸಿದರೆ ಒಂದು ಧ್ವನಿಯಲ್ಲಿ ಯಾವ ಯಾವ ಸ್ವರಗಳು ಎಷ್ಟೆಷ್ಟು ಇರುವುವೆಂದು ತಿಳಿಯುವುದು. ಆದರೆ ೧,೦೨೪ ಅಳತೆಗಳನ್ನು ನೇರವಾಗಿ ಬಿಡಿಸಲು ೧೦,೪೮,೫೭೬ ಗುಣಾಕಾರಗಳು ಬೇಕು. ೧೯೬೫ರಲ್ಲಿ ಕೂಲಿ ಮತ್ತು ಟೂಕಿ ಎಂಬವರು ಪ್ರಕಟಿಸಿದ ಉಪಾಯದಿಂದ, ಸಾಲನ್ನು ಎರಡೆರಡಾಗಿ ಒಡೆಯುತ್ತ ಹೋಗಿ, ಅದೇ ಕೆಲಸವನ್ನು ಸುಮಾರು ೫,೧೨೦ ಗುಣಾಕಾರಗಳಲ್ಲಿ ಮುಗಿಸಬಹುದು. ಜರ್ಮನಿಯ ಗೌಸ್ ಪಂಡಿತರಿಗೆ ಇಂಥ ಉಪಾಯವು ೧೮೦೫ರ ಸುಮಾರಿಗೇ ತಿಳಿದಿತ್ತಾದರೂ ಅವರು ಅದನ್ನು ತಮ್ಮ ಜೀವಮಾನದಲ್ಲಿ ಪ್ರಕಟಿಸಲಿಲ್ಲ.

ಬೇಡದುದನ್ನು ಸೋಸಿ ತೆಗೆಯುವ ಗಣನೆಗೆ ‘ಫಿಲ್ಟರ್’ ಎಂದು ಹೆಸರು. ೬, ೬, ೧೨, ೬, ೬ ಎಂಬ ಸಾಲಿನಲ್ಲಿ ಮೂರು ಮೂರು ಅಂಕಿಗಳ ಸರಾಸರಿಯನ್ನು ತೆಗೆದರೆ ೮, ೮, ೮ ದೊರೆಯುವುದು. ನಡುವಿನ ನೆಗೆತವು ಅಡಗಿತು. ಆದರೆ ಆ ನೆಗೆತವೇ ನಿಜವಾದ ಸುದ್ದಿಯಾಗಿದ್ದರೆ ಅದೂ ಮಸುಕಾಯಿತು! ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕವೇ ಫಿಲ್ಟರ್ ರಚನೆಯ ಕಲೆ. ಮತ್ತೊಂದು ಬಗೆಯ ಫಿಲ್ಟರು ತನ್ನ ಹಿಂದಿನ ಉತ್ತರದ ಒಂದಂಶವನ್ನು ಪುನಃ ಕೂಡಿಸಿಕೊಳ್ಳುತ್ತದೆ. ಆ ಅಂಶವು ಅರ್ಧವಾದರೆ ಒಂದು ಸಲ ಕೊಟ್ಟ ಪೆಟ್ಟು ೧, ೧/೨, ೧/೪ ಎಂದು ಕ್ರಮವಾಗಿ ಅಡಗುವುದು. ಎರಡರಷ್ಟಾದರೆ ೧, ೨, ೪, ೮ ಎಂದು ಮಿತಿಯಿಲ್ಲದೆ ಬೆಳೆದು ಯಂತ್ರವು ನಿರುಪಯೋಗವಾಗುವುದು. ಇದು ಗುಣೋತ್ತರ ಶ್ರೇಢಿಯಲ್ಲದೆ ಮತ್ತೇನು? ಕಾಲೇಜಿನಲ್ಲಿ ಹುಡುಗಿಯರನ್ನು ಬೆದರಿಸುವ ‘ಝಡ್ ಪರಿವರ್ತನೆ’ಯು ಈ ಶ್ರೇಢಿಯ ಮೊತ್ತದ ಮೇಲೆಯೇ ನಿಂತಿದೆ.

ಇದರ ಪ್ರಯೋಜನವು ಅಲ್ಪವಲ್ಲ. ಕಿವಿ ಮಂದವಾದವರ ಶ್ರವಣಯಂತ್ರವು, ಅವರಿಗೆ ಯಾವ ಸ್ವರಗಳು ಕೇಳಿಸವೋ ಅವನ್ನು ಮಾತ್ರ ಹೆಚ್ಚಿಸಿಕೊಡುವುದು ಈ ಗಣನೆಯಿಂದಲೇ. ಹೃದಯದ ಬಡಿತವನ್ನು ಬರೆಯುವ ಇ. ಸಿ. ಜಿ. ಯಂತ್ರದಲ್ಲಿ, ನಮ್ಮ ವಿದ್ಯುತ್ ತಂತಿಗಳಿಂದ ಸೇರಿಕೊಳ್ಳುವ ೫೦ ಕಂಪನಗಳ ಗದ್ದಲವನ್ನು ಫಿಲ್ಟರೇ ನಿವಾರಿಸುವುದು. ರೋಗಿಯ ಸೇವೆಗೆ ದಾದಿಯ ಕೈ ಬೇಕಾಗುವಂತೆ ಈ ಲೆಕ್ಕವನ್ನು ಬಲ್ಲವರ ಕೈಯೂ ಬೇಕು.

ಈ ಪಾಠವು ಸಾಮಾನ್ಯವಾಗಿ ಬಿ. ಇ. ತರಗತಿಯ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಬರುವುದು. ಅದಕ್ಕೆ ಮುಂಚೆ ತ್ರಿಕೋನಮಿತಿ, ಶ್ರೇಢಿಗಳು, ಕಲನಶಾಸ್ತ್ರ ಮತ್ತು ಮಿಶ್ರಸಂಖ್ಯೆಗಳು ಚೆನ್ನಾಗಿ ಕೈವಶವಾಗಿರಬೇಕು. ಋಣ ಒಂದರ ವರ್ಗಮೂಲವೆಂದರೆ ಅನೇಕರು ಹೆದರುವರು. ಅದನ್ನು ಒಂದು ರೇಖೆಯನ್ನು ತೊಂಬತ್ತು ಡಿಗ್ರಿ ತಿರುಗಿಸುವ ಅಪ್ಪಣೆಯೆಂದು ತಿಳಿದರೆ ಹೆದರಿಕೆಯು ಬಹುಪಾಲು ನೀಗುವುದು. ಚಿಕ್ಕ ಸಾಲುಗಳನ್ನು ಮೊದಲು ಕೈಯಿಂದಲೇ ಲೆಕ್ಕಮಾಡಿ, ಆಮೇಲೆ ಗಣಕಯಂತ್ರದಲ್ಲಿ ತಾಳೆನೋಡಬೇಕು. ಆಪನ್‌ಹೈಮ್ ಮತ್ತು ಶೇಫರ್ ಎಂಬವರು ೧೯೭೫ರಲ್ಲಿ ಪ್ರಕಟಿಸಿದ ಪಠ್ಯಗ್ರಂಥವು ಪ್ರಸಿದ್ಧವಾದುದು. ಐ. ಐ. ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್. ಪಿ. ಟಿ. ಇ. ಎಲ್. ಉಪನ್ಯಾಸಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಕೇಳಬಹುದು.

ಕಡೆಯದಾಗಿ ತಾಯಿತಂದೆಗಳಲ್ಲಿ ನನ್ನದೊಂದು ವಿಜ್ಞಾಪನೆ. ಹತ್ತನೆಯ ತರಗತಿಯು ಮುಗಿದೊಡನೆ, ಕಷ್ಟವಾದೀತೆಂಬ ಮಮತೆಯಿಂದ ಮಗಳ ಗಣಿತವನ್ನು ಬಿಡಿಸಬೇಡಿರಿ. ಅವಳಿಗೆ ಇಷ್ಟವಿಲ್ಲದಿದ್ದರೆ ಅದು ಬೇರೆ ಮಾತು. ಇಷ್ಟವಿದ್ದು ಬಿಡಿಸಿದರೆ, ಮುಂದೆ ಅನೇಕ ಬಾಗಿಲುಗಳು ಅವಳಿಗೆ ತಾವಾಗಿಯೇ ಮುಚ್ಚಿಹೋಗುವುವು. ದೇವರು ಅವಳಿಗೆ ಒಪ್ಪಿಸಿರುವ ತಲಾಂತನ್ನು ಮಣ್ಣಿನಲ್ಲಿ ಹೂಳಿಡುವುದಕ್ಕೆ ನಮಗೆ ಅಧಿಕಾರವಿಲ್ಲ. ಪ್ರಿಯ ವಿದ್ಯಾರ್ಥಿನಿಯರೇ, ನೀವೂ ಈ ದಿನದ ಸೈನ್ ಕೊಸೈನ್ ಲೆಕ್ಕಗಳನ್ನು ಬೇಸರಿಸದೆ ಮಾಡಿರಿ. ಮುಂದೊಂದು ದಿನ ಕಿವಿ ಕೇಳಿಸದ ಮಗುವೊಂದು ತಾಯಿಯ ಮಾತನ್ನು ನಿಮ್ಮ ಲೆಕ್ಕದ ಮೂಲಕ ಕೇಳುವಂತಾಗಲಿ.