ಆಟದ ಮನೆಗೆ ಅತಿಥಿಗಳು ಬಾರದೇಕೆ?

ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಒಂದು ಪಾರ್ಶ್ವದಲ್ಲಿ ಕಣ್ಣು ಹಾಯುವವರೆಗೂ ನೀರು, ಇನ್ನೊಂದು ಪಾರ್ಶ್ವದಲ್ಲಿ ತಗ್ಗಿನ ಗದ್ದೆ ತೋಟಗಳು ಗೋಚರಿಸುತ್ತವೆ. ಶಾಂತಿಸಾಗರವೆಂಬ ಇನ್ನೊಂದು ಹೆಸರುಳ್ಳ ಚನ್ನಗಿರಿ ತಾಲ್ಲೂಕಿನ ಈ ಕೆರೆಯು ಸುಮಾರು 8 ಕಿಲೋಮೀಟರ್ ಉದ್ದವೂ ನಾಲ್ಕೂವರೆ ಕಿಲೋಮೀಟರ್ ಅಗಲವೂ ಉಳ್ಳದ್ದು. ಇದರ ಅಚ್ಚುಕಟ್ಟಿಗೆ ಸೇರಿದ ಹಳ್ಳಿಯೊಂದರಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ಪ್ರಯೋಗಶಾಲೆಯ ವೇಳೆ ಮುಗಿದ ಮೇಲೂ ಹಿಂದೆ ಉಳಿದು, “ಸಾರ್, ಪಾಠಕ್ಕೆ ಸೇರದ ಒಂದು ಸಂದೇಹ ಕೇಳಬಹುದೆ?” ಎಂದನು.

ಸಂದೇಹವು ಆಟಕ್ಕೆ ಸಂಬಂಧಿಸಿದ್ದು. ಅವನೂ ಅವನ ನಾಲ್ವರು ಬಾಲ್ಯಸ್ನೇಹಿತರೂ ಮೈನ್‌ಕ್ರಾಫ್ಟ್ ಎಂಬ ಗಣಕದ ಆಟದಲ್ಲಿ ತಮ್ಮ ಊರಿನ ಕೆರೆಯನ್ನೇ ಕಟ್ಟತೊಡಗಿದ್ದರು. ಏರಿ, ತೂಬು, ಸಿದ್ದನಾಲೆ, ಬಸವನಾಲೆ ಎಲ್ಲವೂ ಅಲ್ಲಿ ಒಂದೊಂದು ಇಟ್ಟಿಗೆಯಾಗಿ ಎದ್ದಿದ್ದವು. ಪ್ರೌಢಶಾಲೆಯಲ್ಲಿದ್ದಾಗ ಒಂದೇ ಮನೆಯಲ್ಲಿ ಕುಳಿತು ಕಟ್ಟಿದ್ದು. ಈಗ ಒಬ್ಬನು ದಾವಣಗೆರೆಯಲ್ಲಿ, ಒಬ್ಬನು ಶಿವಮೊಗ್ಗದಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಆದುದರಿಂದ ಈ ಹುಡುಗನು ತನ್ನ ಮನೆಯ ಗಣಕದಲ್ಲಿಯೇ ಆ ಆಟವನ್ನು ತೆರೆದಿಟ್ಟು ಉಳಿದವರನ್ನು ಒಳಕ್ಕೆ ಕರೆಯಲೆತ್ನಿಸಿದನು. ಇವನ ಗಣಕದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಅವರಿಗಾದರೋ ಅರ್ಧ ನಿಮಿಷ ಕಾಯ್ದ ಮೇಲೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಸೂಚನೆ. ಅಂಗಡಿಯವನ ಮಾತು ಕೇಳಿ ವಿದ್ಯಾರ್ಥಿವೇತನದಿಂದ ಹೊಸ ರೂಟರೊಂದನ್ನು ಕೊಂಡುದಾಯಿತು. ಅದರಿಂದಲೂ ಫಲವಿಲ್ಲ. ಕೊನೆಗೆ ಬೆಂಗಳೂರಿನ ಗೆಳೆಯನೊಬ್ಬನು, “ನಮ್ಮನ್ನು ಹೊರಗಿಡಬೇಕೆಂದು ನೀನೇ ಬಾಗಿಲು ಹಾಕಿಕೊಂಡಿದ್ದೀಯೆ” ಎಂದು ಮಾತು ಬಿಟ್ಟಿದ್ದನಂತೆ.

ದೋಷ ಎಲ್ಲಿದೆಯೆಂದು ಅರಿಯುವ ಮೊದಲೇ ಹಣ ತೆರುವುದೂ, ಸ್ನೇಹ ಕಳೆದುಕೊಳ್ಳುವುದೂ ಎರಡೂ ಅನಾವಶ್ಯಕ. ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲದ ದೀಪ ಬೆಳಗದಿದ್ದಾಗ ಕೋಶ, ತಂತಿ, ದೀಪ, ಗುಂಡಿ ಎಲ್ಲವನ್ನೂ ಏಕಕಾಲದಲ್ಲಿ ಬದಲಾಯಿಸುವ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ದೀಪ ಹತ್ತಿಕೊಂಡರೂ ದೋಷ ಯಾವುದರಲ್ಲಿತ್ತೆಂಬುದು ಅವರಿಗೆ ತಿಳಿಯುವುದಿಲ್ಲ. ತಕ್ಕ ಕ್ರಮವೆಂದರೆ ಕೋಶದ ಬಳಿಯಿಂದ ಹೊರಟು ಮಂಡಲದ ಒಂದೊಂದೇ ಭಾಗವನ್ನು ಪರೀಕ್ಷಿಸುತ್ತ ದೂರಕ್ಕೆ ಸಾಗುವುದು. ಆಟದ ಸಂಪರ್ಕಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲನೆಯದಾಗಿ ವಿಳಾಸವೆಂದರೇನೆಂದು ನೋಡೋಣ. ಅಂತರ್ಜಾಲದಲ್ಲಿ ಸುದ್ದಿಯು ಪ್ಯಾಕೆಟ್‌ಗಳೆಂಬ ಸಣ್ಣ ಲಕೋಟೆಗಳಾಗಿ ಸಂಚರಿಸುತ್ತದೆ. ಪ್ರತಿ ಲಕೋಟೆಯ ಮೇಲೂ ಎರಡು ವಿಷಯಗಳಿರುತ್ತವೆ: ಯಾವ ಯಂತ್ರಕ್ಕೆ ಸೇರಬೇಕೆಂಬ ಐ.ಪಿ. ವಿಳಾಸ ಒಂದು, ಆ ಯಂತ್ರದಲ್ಲಿ ನಡೆಯುತ್ತಿರುವ ಹಲವು ಕೆಲಸಗಳ ಪೈಕಿ ಯಾವುದಕ್ಕೆ ಸೇರಬೇಕೆಂಬ ಪೋರ್ಟ್ ಸಂಖ್ಯೆ ಇನ್ನೊಂದು. ಮನೆಯ ವಿಳಾಸದೊಂದಿಗೆ ಕೋಣೆಯ ಸಂಖ್ಯೆಯನ್ನೂ ಬರೆದಂತೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯ ಸರ್ವರ್ ಸಾಮಾನ್ಯವಾಗಿ 25565ನೆಯ ಪೋರ್ಟಿನಲ್ಲಿ ಕಾಯುತ್ತಿರುತ್ತದೆ.

ಆಟವನ್ನು ತೆರೆದಿಟ್ಟವನು ಮೊದಲು ತನ್ನ ಯಂತ್ರದಿಂದಲೇ ತನ್ನ ಸರ್ವರಿಗೆ ಸೇರಿ ನೋಡಬೇಕು. 127.0.0.1 ಎಂಬ ವಿಳಾಸಕ್ಕೆ ಎಲ್ಲ ಯಂತ್ರಗಳಲ್ಲಿಯೂ ‘ನಾನೇ’ ಎಂದು ಅರ್ಥ. ಇಲ್ಲಿಯೇ ವಿಫಲವಾದರೆ ರೂಟರನ್ನು ದೂಷಿಸುವುದು ಅನ್ಯಾಯ. ಸರ್ವರ್ ನಡೆಯುತ್ತಿಲ್ಲ, ಇಲ್ಲವೆ ಆಟದ ಆವೃತ್ತಿಗಳು ಹೊಂದಿಕೆಯಾಗಿಲ್ಲ. ಸಫಲವಾದರೆ ಅದೇ ಮನೆಯ ಇನ್ನೊಂದು ಗಣಕದಿಂದ ಸೇರಿ ನೋಡತಕ್ಕದ್ದು. ಈ ಎರಡನೆಯ ಮೆಟ್ಟಿಲಿನಲ್ಲಿ ಎಡವಿದರೆ ಅಪರಾಧಿಯು ಬಹುಮಟ್ಟಿಗೆ ಗಣಕದಲ್ಲಿರುವ ಫೈರ್‌ವಾಲ್ ಎಂಬ ಕಾವಲುಗಾರ. ವಿಂಡೋಸ್ ಯಂತ್ರವು ತಾನು ಸೇರಿದ ಜಾಲವನ್ನು ಮನೆಯ ಖಾಸಗಿ ಜಾಲವೆಂದೋ ಸಾರ್ವಜನಿಕ ಜಾಲವೆಂದೋ ಗುರುತಿಸಿಕೊಳ್ಳುತ್ತದೆ. ಮನೆಯ ಜಾಲವನ್ನೇ ಅದು ಸಾರ್ವಜನಿಕವೆಂದು ಎಣಿಸಿದ್ದರೆ ಹೊರಗಿನಿಂದ ಬರುವ ಕರೆಗಳನ್ನು ಹೆಚ್ಚು ಬಿಗಿಯಾಗಿ ತಡೆಯುತ್ತದೆ.

ಇಲ್ಲಿ ಅನೇಕರು ಮಾಡುವ ತಪ್ಪೊಂದುಂಟು. ಕಾವಲುಗಾರನು ತಡೆಯುತ್ತಿದ್ದಾನೆಂದು ತಿಳಿದೊಡನೆಯೇ ಅವನನ್ನು ಪೂರ್ತಿಯಾಗಿ ಮನೆಗೆ ಕಳುಹಿಸಿಬಿಡುತ್ತಾರೆ. ಗದ್ದೆಗೆ ನೀರು ಬೇಕೆಂದು ಸೂಳೆಕೆರೆಯ ಏರಿಯನ್ನು ಯಾರೂ ಒಡೆಯುವುದಿಲ್ಲ. ತೂಬನ್ನು ಬೇಕಾದಷ್ಟು ಎತ್ತುತ್ತಾರೆ, ಸಾಕಾದ ಮೇಲೆ ಇಳಿಸುತ್ತಾರೆ. ಹಾಗೆಯೇ ಆ ಆಟಕ್ಕೆ ಮಾತ್ರ, ಆ ಪೋರ್ಟಿಗೆ ಮಾತ್ರ ಅನುಮತಿಯನ್ನಿತ್ತು, ಆಟ ಮುಗಿದಾಗ ಹಿಂತೆಗೆದುಕೊಳ್ಳಬೇಕು. ತೆರೆದ ಪೋರ್ಟುಗಳನ್ನು ಹುಡುಕುತ್ತ ಅಂತರ್ಜಾಲದಲ್ಲಿ ಹಗಲಿರುಳೂ ಅಲೆಯುವ ಕಾರ್ಯಕ್ರಮಗಳಿವೆ. ಅವು ಹಳ್ಳಿಯ ಮನೆಯೆಂದು ಬಿಟ್ಟು ಹೋಗುವುದಿಲ್ಲ.

ನಮ್ಮ ಹುಡುಗನು ಈ ಎರಡು ಮೆಟ್ಟಿಲುಗಳನ್ನೂ ದಾಟಿದ್ದನು. ತಂಗಿಯ ಗಣಕದಿಂದ ಆಟಕ್ಕೆ ಸೇರಲು ಸಾಧ್ಯವಾಗಿತ್ತು. ಇನ್ನುಳಿದದ್ದು ಮನೆಯ ಹೊಸ್ತಿಲು, ಎಂದರೆ ರೂಟರ್.

ರೂಟರಿನ ಕೆಲಸವನ್ನು ವಿದ್ಯಾರ್ಥಿನಿಲಯದ ಗುಮಾಸ್ತನಿಗೆ ಹೋಲಿಸಬಹುದು. ನಿಲಯದಲ್ಲಿ ನೂರು ಕೋಣೆಗಳಿದ್ದರೂ ಅಂಚೆಯವರಿಗೆ ಗೊತ್ತಿರುವ ವಿಳಾಸ ಒಂದೇ ಎಂದು ಭಾವಿಸೋಣ. 7ನೆಯ ಕೋಣೆಯವನು ಪತ್ರ ಬರೆದರೆ ಗುಮಾಸ್ತನು ಕೋಣೆಯ ಗುರುತನ್ನು ಅಳಿಸಿ, ನಿಲಯದ ವಿಳಾಸವನ್ನೂ ಒಂದು ಕ್ರಮಸಂಖ್ಯೆಯನ್ನೂ ಲಕೋಟೆಯ ಮೇಲೆ ಬರೆದು, ‘ಈ ಸಂಖ್ಯೆ ಬಂದರೆ 7ನೆಯ ಕೋಣೆಗೆ’ ಎಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ ತಲುಪಿಸುತ್ತಾನೆ. ಆದರೆ ಯಾರೂ ಬರೆಯದೆ ತಾನಾಗಿಯೇ ಬಂದ ಪತ್ರವನ್ನು ಏನು ಮಾಡಬೇಕು? ಪುಸ್ತಕದಲ್ಲಿ ಗುರುತಿಲ್ಲ, ಕಸದ ಬುಟ್ಟಿಗೆ ಹಾಕುತ್ತಾನೆ. ನಾವು ವಾರ್ತೆ ಓದುವುದಕ್ಕೂ ಚಲನಚಿತ್ರ ನೋಡುವುದಕ್ಕೂ ಈ ಏರ್ಪಾಡಿನಿಂದ ಅಡ್ಡಿಯಿಲ್ಲ, ಏಕೆಂದರೆ ಮೊದಲ ಪತ್ರ ನಮ್ಮದೇ. ಆಟವನ್ನು ತೆರೆದಿಟ್ಟವನ ಸ್ಥಿತಿ ಮಾತ್ರ ತಲೆಕೆಳಗು: ಮೊದಲ ಪತ್ರ ಹೊರಗಿನಿಂದ ಬರುತ್ತದೆ.

ಪರಿಹಾರವೆಂದರೆ ಗುಮಾಸ್ತನ ಪುಸ್ತಕದಲ್ಲಿ ‘25565 ಎಂದು ಬರೆದ ಪತ್ರಗಳೆಲ್ಲವೂ 7ನೆಯ ಕೋಣೆಗೆ’ ಎಂದು ಮೊದಲೇ ಖಾಯಂ ಗುರುತು ಹಾಕಿಸುವುದು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಸುಲಭವೆಂದು ತೋರಿದರೂ ಇದರಲ್ಲಿ ಎಡವುವ ಸ್ಥಳಗಳು ಕೆಲವಿವೆ. ರೂಟರು ಮನೆಯೊಳಗಿನ ವಿಳಾಸಗಳನ್ನು ಆಗಾಗ ಹೊಸದಾಗಿ ಹಂಚುತ್ತದೆ. ನಿನ್ನೆ 192.168.1.5 ಆಗಿದ್ದ ಗಣಕ ಇಂದು 192.168.1.9 ಆಗಬಹುದು, ಆಗ ಅತಿಥಿಗಳ ಪತ್ರಗಳು ತಂಗಿಯ ಗಣಕಕ್ಕೋ ಗೋಡೆಯ ದೂರದರ್ಶನಕ್ಕೋ ಹೋಗಿ ವ್ಯರ್ಥವಾಗುತ್ತವೆ. ‘ನಿನ್ನೆ ನಡೆಯುತ್ತಿತ್ತು, ಇಂದು ನಡೆಯದು’ ಎಂಬ ದೂರಿಗೆ ಹೆಚ್ಚಾಗಿ ಇದೇ ಮೂಲ. ಆತಿಥೇಯ ಯಂತ್ರಕ್ಕೆ ಒಂದೇ ವಿಳಾಸವನ್ನು ಕಾದಿರಿಸಬೇಕೆಂದು ರೂಟರಿಗೆ ಹೇಳಿದರೆ ತೀರಿತು. ಇನ್ನೊಂದು, ಅಂಚೆಯ ಬಗೆ. ರುಜು ಪಡೆದು ತಲುಪಿಸುವ ರಿಜಿಸ್ಟರ್ಡ್ ಅಂಚೆಯಂತೆ ಟಿ.ಸಿ.ಪಿ. ಎಂಬ ಕ್ರಮವೊಂದಿದೆ, ಎಸೆದು ಮರೆಯುವ ಶೀಘ್ರಗಾಮಿ ಯು.ಡಿ.ಪಿ. ಎಂಬ ಕ್ರಮ ಮತ್ತೊಂದು. ಜಾವಾ ಆವೃತ್ತಿಗೆ ಮೊದಲನೆಯದು ಬೇಕು. ಮೊಬೈಲುಗಳಲ್ಲಿ ನಡೆಯುವ ಬೆಡ್‌ರಾಕ್ ಆವೃತ್ತಿಗೆ 19132ನೆಯ ಪೋರ್ಟಿನಲ್ಲಿ ಎರಡನೆಯದು ಬೇಕು. ಸಂಖ್ಯೆ ಸರಿಯಾಗಿದ್ದು ಬಗೆ ತಪ್ಪಿದರೂ ಬಾಗಿಲು ಮುಚ್ಚಿದಂತೆಯೇ.

ಪರೀಕ್ಷೆಯನ್ನು ಮಾಡುವಾಗಲೂ ಎಚ್ಚರ ಬೇಕು. ಮನೆಯೊಳಗೆ ಕುಳಿತು ಮನೆಯ ಹೊರಗಿನ ವಿಳಾಸಕ್ಕೆ ಕರೆ ಮಾಡಿದರೆ ಕೆಲವು ರೂಟರುಗಳು ಅದನ್ನು ಒಳಕ್ಕೆ ತಿರುಗಿಸಲಾರವು. ಆಗ ಹೊರಗಿನವರಿಗೆ ದಾರಿ ಸುಗಮವಾಗಿದ್ದರೂ ನಮಗೆ ಮಾತ್ರ ಮುಚ್ಚಿದಂತೆ ಕಾಣುತ್ತದೆ. ಆದುದರಿಂದ ಈ ಮೂರನೆಯ ಪರೀಕ್ಷೆಗೆ ಬೇರೆ ಸಂಪರ್ಕವುಳ್ಳ ಗೆಳೆಯನೇ ಬೇಕು.

ಇಷ್ಟೆಲ್ಲವನ್ನೂ ಮಾಡಿಯೂ ನಮ್ಮ ಹುಡುಗನಿಗೆ ಫಲ ದೊರೆಯಲಿಲ್ಲ. ಒಂದೇ ನಿಮಿಷದ ಇನ್ನೊಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ರೂಟರಿನ ಹಣ ಉಳಿಯುತ್ತಿತ್ತು. ರೂಟರಿನ ಪುಟದಲ್ಲಿ ಅದಕ್ಕೆ ಹೊರಗಿನಿಂದ ದೊರೆತ ವಿಳಾಸ ಯಾವುದೆಂದು ಬರೆದಿರುತ್ತದೆ. ನಮ್ಮ ವಿಳಾಸ ಲೋಕಕ್ಕೆ ಏನೆಂದು ಕಾಣುತ್ತಿದೆಯೆಂದು ತಿಳಿಸುವ ತಾಣಗಳೂ ಅಂತರ್ಜಾಲದಲ್ಲಿವೆ. ಎರಡೂ ಒಂದೇ ಆಗಿದ್ದರೆ ಹೊಸ್ತಿಲು ನಮ್ಮದು. ಬೇರೆಯಾಗಿದ್ದರೆ ನಮ್ಮ ಗುಮಾಸ್ತನ ಆಚೆಗೆ ಇನ್ನೊಬ್ಬ ಗುಮಾಸ್ತನಿದ್ದಾನೆಂದು ಅರ್ಥ. ಹುಡುಗನ ಹೊಸ ರೂಟರಿನಲ್ಲಿ ಕಂಡದ್ದು 192.168ರಿಂದ ಆರಂಭವಾಗುವ ವಿಳಾಸ: ಸೇವಾಸಂಸ್ಥೆಯವರು ಕೊಟ್ಟಿದ್ದ ಹಳೆಯ ಪೆಟ್ಟಿಗೆಯೂ ರೂಟರೇ ಆಗಿದ್ದು, ಹೊಸದನ್ನು ಅದರ ಹಿಂದೆ ಜೋಡಿಸಲಾಗಿತ್ತು! ಕೊಂಡ ವಸ್ತು ದೋಷವನ್ನು ನೀಗುವ ಬದಲು ಗುಮಾಸ್ತರ ಸಂಖ್ಯೆಯನ್ನು ಹೆಚ್ಚಿಸಿತ್ತು. ಅದನ್ನು ಕಳಚಿ ಹಳೆಯ ಪೆಟ್ಟಿಗೆಯನ್ನು ನೋಡಿದೆವು. ಅದರ ಹೊರಗಿನ ವಿಳಾಸ 100.72 ಎಂದು ಆರಂಭವಾಗುತ್ತಿತ್ತು. ಅಲ್ಲಿಗೆ ರಹಸ್ಯ ಬಯಲಾಯಿತು.

ಈ ಸಂಖ್ಯೆಯ ಹಿನ್ನೆಲೆಯನ್ನು ಹೇಳಬೇಕು. 1981ರಲ್ಲಿ ನಿರೂಪಿತವಾದ ನಾಲ್ಕನೆಯ ಆವೃತ್ತಿಯ ಐ.ಪಿ. ವಿಳಾಸವು 32 ಬಿಟ್‌ಗಳದ್ದು. ಇದರಿಂದ ದೊರೆಯುವ ವಿಳಾಸಗಳು ಒಟ್ಟು 429 ಕೋಟಿಗೆ ಸ್ವಲ್ಪ ಹೆಚ್ಚು. ಅಂದಿಗೆ ಅದು ಅಕ್ಷಯಪಾತ್ರೆಯೆಂದೇ ತೋರಿದ್ದಿರಬೇಕು. 2011ರ ಫೆಬ್ರವರಿ 3ರಂದು ಕೇಂದ್ರ ಭಂಡಾರದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು ಜಗತ್ತಿನ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿ ಮುಗಿಸಲಾಯಿತು. ಏಷ್ಯಾ ಪೆಸಿಫಿಕ್ ಪ್ರದೇಶದ ಸಂಸ್ಥೆಯು ಅದೇ ವರ್ಷದ ಏಪ್ರಿಲಿನಿಂದ ವಿಳಾಸಗಳನ್ನು ಪಡಿತರದಂತೆ ಅಳೆದು ಕೊಡತೊಡಗಿತು. ಭಾರತದಲ್ಲಿ ಹಳ್ಳಿಹಳ್ಳಿಗೂ ಅಂತರ್ಜಾಲ ಹರಡಿದ್ದು ಇದರ ತರುವಾಯ ಎಂಬುದನ್ನು ಗಮನಿಸಬೇಕು. ಪಂಕ್ತಿ ಬಹುಮಟ್ಟಿಗೆ ಮುಗಿದ ಮೇಲೆ ನಾವು ಊಟಕ್ಕೆ ಬಂದಂತಾಯಿತು. ಇದ್ದ ಕೆಲವೇ ವಿಳಾಸಗಳಲ್ಲಿ ಲಕ್ಷಾಂತರ ಮನೆಗಳನ್ನು ನಿಭಾಯಿಸಲು ಸೇವಾಸಂಸ್ಥೆಗಳು ತಮ್ಮ ಕೇಂದ್ರಗಳಲ್ಲಿಯೇ ದೊಡ್ಡ ಗುಮಾಸ್ತರನ್ನು ನೇಮಿಸಿಕೊಂಡವು. ಆ ಗುಮಾಸ್ತರ ಒಳಬಳಕೆಗೆಂದೇ 2012ರ ಏಪ್ರಿಲಿನಲ್ಲಿ 100.64.0.0 ಮೊದಲ್ಗೊಂಡು 100.127.255.255ರವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ಹುಡುಗನ ಮನೆಗೆ ದೊರೆತದ್ದು ಇಂತಹ ಒಂದು ವಿಳಾಸ. ಹೊರಲೋಕದಿಂದ ಯಾರೂ ಅದಕ್ಕೆ ಪತ್ರ ಹಾಕುವಂತಿಲ್ಲ. ಮನೆಯ ಗುಮಾಸ್ತನಿಗೆ ನಾವು ಆಜ್ಞೆ ಮಾಡಬಹುದು. ಸಂಸ್ಥೆಯ ಗುಮಾಸ್ತನ ಪುಸ್ತಕವನ್ನು ಮುಟ್ಟುವ ಅಧಿಕಾರ ನಮಗಿಲ್ಲ.

ಗೆಳೆಯರನ್ನು ಹೊರಗಿಟ್ಟವನು ಹುಡುಗನಲ್ಲವೆಂಬುದು ಸಿದ್ಧವಾಯಿತು. ಹಾಗಾದರೆ ಮುಂದಿನ ದಾರಿ? ಕೆಲವು ಸಂಸ್ಥೆಗಳು ಹೆಚ್ಚಿನ ಶುಲ್ಕಕ್ಕೆ ಸ್ವಂತ ಸಾರ್ವಜನಿಕ ವಿಳಾಸವನ್ನು ಕೊಡುತ್ತವೆ. ಇನ್ನು ಕೆಲವು ಆಟಗಳು ಒಂದು ಜಾಣ ಉಪಾಯವನ್ನು ಬಳಸುತ್ತವೆ: ಇಬ್ಬರಿಗೂ ಪರಿಚಿತವಾದ ಮೂರನೆಯ ಯಂತ್ರವೊಂದು ಇಬ್ಬರ ಹೊರವಿಳಾಸಗಳನ್ನೂ ಪರಸ್ಪರ ತಿಳಿಸುತ್ತದೆ, ಒಡನೆಯೇ ಇಬ್ಬರೂ ಏಕಕಾಲದಲ್ಲಿ ಒಬ್ಬರಿಗೊಬ್ಬರು ಪತ್ರ ಬರೆಯುತ್ತಾರೆ. ಎರಡೂ ಕಡೆಯ ಗುಮಾಸ್ತರು ‘ಇದು ನಮ್ಮವನು ಬರೆದುದಕ್ಕೆ ಉತ್ತರ’ ಎಂದು ಭ್ರಮಿಸಿ ಒಳಕ್ಕೆ ಬಿಡುತ್ತಾರೆ! ಪ್ರತಿಯೊಬ್ಬ ಸ್ವೀಕೃತನಿಗೂ ಬೇರೆ ಬೇರೆ ಕ್ರಮಸಂಖ್ಯೆ ಹಾಕುವ ಕಟ್ಟುನಿಟ್ಟಿನ ಗುಮಾಸ್ತರಲ್ಲಿ ಮಾತ್ರ ಇದು ಸಾಗುವುದಿಲ್ಲ. ಆಗ ಎಲ್ಲ ಪ್ಯಾಕೆಟ್‌ಗಳನ್ನೂ ಮಧ್ಯವರ್ತಿ ಯಂತ್ರದ ಮೂಲಕವೇ ಹಾಯಿಸಬೇಕಾಗುತ್ತದೆ. ಜೀರೋಟಿಯರ್, ಟೈಲ್‌ಸ್ಕೇಲ್ ಮೊದಲಾದ ಸಾಧನಗಳು ಈ ಎರಡು ಕ್ರಮಗಳನ್ನೂ ಬಳಸಿ ದೂರದ ಗಣಕಗಳನ್ನು ಒಂದೇ ಮನೆಯವುಗಳಂತೆ ಬೆಸೆಯುತ್ತವೆ.

ಸಹಜವಾದ ಪರಿಹಾರವಿರುವುದು 128 ಬಿಟ್‌ಗಳ ಆರನೆಯ ಆವೃತ್ತಿಯ ವಿಳಾಸದಲ್ಲಿ. ಇಲ್ಲಿ ವಿಳಾಸಗಳ ಸಂಖ್ಯೆ 3.4ರ ಮುಂದೆ ಹತ್ತರ 38ನೆಯ ಘಾತವನ್ನು ಗುಣಿಸಿದಷ್ಟು. ಗುಮಾಸ್ತರ ಅಗತ್ಯವೇ ಇಲ್ಲ. ಭಾರತದ ಅಂತರ್ಜಾಲ ಬಳಕೆದಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಇದು ಈಗಾಗಲೇ ದೊರೆತಿದೆ, ಬಹುಪಾಲು ಅವರಿಗೆ ತಿಳಿಯದೆಯೇ. ಹುಡುಗನ ಮನೆಯಲ್ಲಿಯೂ ಇತ್ತು. ಹಳೆಯ ಪೆಟ್ಟಿಗೆಯ ಫೈರ್‌ವಾಲಿನಲ್ಲಿ ಆ ಒಂದು ಪೋರ್ಟಿಗೆ ಅನುಮತಿಯಿತ್ತ ದಿನವೇ ಬೆಂಗಳೂರಿನವರಿಬ್ಬರೂ ಶಿವಮೊಗ್ಗದವನೂ ಒಳಬಂದರು. ದಾವಣಗೆರೆಯವನ ವಿದ್ಯಾರ್ಥಿನಿಲಯದಲ್ಲಿ ಹೊಸ ವಿಳಾಸದ ಸೌಲಭ್ಯವಿರಲಿಲ್ಲ. ಎಲ್ಲರಿಗಿಂತ ಸಮೀಪದಲ್ಲಿದ್ದ ಅವನು ಮಧ್ಯವರ್ತಿಯ ಮೂಲಕ ಬರಬೇಕಾಯಿತು.

ಒಂದು ವಾರ ಕಳೆದ ಮೇಲೆ ಹುಡುಗನು ಮತ್ತೆ ಬಂದನು. “ಸಾರ್, ಸಂಜೆ ಏಳರ ಹೊತ್ತಿಗೆ ಎಲ್ಲರೂ ಕೆಸರಿನಲ್ಲಿ ನಡೆದಂತೆ ನಡೆಯುತ್ತಾರೆ. ದೂರ ಹೆಚ್ಚಾದುದರಿಂದಲೇ?”

ದೂರವಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೆಂಗಳೂರಿನ ಹಾದಿ 300 ಕಿಲೋಮೀಟರ್ ಎಂದಿಟ್ಟುಕೊಂಡರೂ ಹೋಗಿ ಬರಲು ಸೆಕೆಂಡಿನ ಸಾವಿರದ ಮೂರು ಭಾಗ ಸಾಕು. ವಿಳಂಬಕ್ಕೆ ಕಾರಣ ಹಾದಿಯಲ್ಲಿನ ಕೆರೆ! ರೂಟರಿನೊಳಗೆ ಹೊರಹೋಗಲು ಕಾಯುವ ಪ್ಯಾಕೆಟ್‌ಗಳಿಗೆ ಒಂದು ತಂಗುದಾಣವಿದೆ. ಒಳಹರಿವು ತೂಬಿನ ಹೊರಹರಿವನ್ನು ಮೀರಿದರೆ ಅದು ತುಂಬುತ್ತದೆ. ತುಂಬಿದ ಮೇಲೆ ಬಂದ ಹನಿಯು ತನಗಿಂತ ಮುಂಚೆ ಬಂದವೆಲ್ಲವೂ ಹೊರಬೀಳುವವರೆಗೆ ಕಾಯಬೇಕು. ಕಾಯುವ ಕಾಲವೆಂದರೆ ಸಂಗ್ರಹವನ್ನು ಹೊರಹರಿವಿನಿಂದ ಭಾಗಿಸಿದಷ್ಟು. ಹೊರದಾರಿಯ ವೇಗ ಸೆಕೆಂಡಿಗೆ 20 ಲಕ್ಷ ಬಿಟ್, ತಂಗುದಾಣದಲ್ಲಿ ಎರಡೂವರೆ ಲಕ್ಷ ಬೈಟ್, ಎಂದರೆ 20 ಲಕ್ಷ ಬಿಟ್ ತುಂಬಿದೆಯೆನ್ನೋಣ. ಹೊಸ ಪ್ಯಾಕೆಟ್ ಒಂದು ಪೂರ್ಣ ಸೆಕೆಂಡು ಕಾಯಬೇಕು. ಬೆಂಗಳೂರಿನ ಪ್ರಯಾಣಕ್ಕೆ ಬೇಕಾದುದಕ್ಕಿಂತ ಇದು ಮುನ್ನೂರು ಪಟ್ಟಿಗೂ ಹೆಚ್ಚು.

ಏಳು ಗಂಟೆಗೆ ಆ ಕೆರೆಯನ್ನು ತುಂಬುತ್ತಿದ್ದವರು ಯಾರು? ಮನೆಯಲ್ಲಿ ವಿಚಾರಿಸಲು ತಿಳಿಯಿತು: ತಂಗಿಯ ಮೊಬೈಲು ದಿನವೂ ಆ ವೇಳೆಗೆ ಅಂದಂದಿನ ಚಿತ್ರಗಳನ್ನೆಲ್ಲ ದೂರದ ಭಂಡಾರಕ್ಕೆ ಕಳುಹಿಸುತ್ತಿತ್ತು. ಅದನ್ನು ರಾತ್ರಿ ಹನ್ನೊಂದಕ್ಕೆ ಮುಂದೂಡಿದರು. ಅವರ ಕೆರೆಯ ಕೋಡಿಯನ್ನು ಕಟ್ಟುವುದು ಇನ್ನೂ ಬಾಕಿಯಿದೆಯಂತೆ.