ದಾಯಾದಿಗೆ ಮದ್ದು

ಬೂಷ್ಟು ಎಂದೊಡನೆ ಉಪ್ಪಿನಕಾಯಿಯ ಜಾಡಿಯನ್ನೋ ಮಳೆಗಾಲದ ಪಾದರಕ್ಷೆಯನ್ನೋ ನೆನೆಯುವ ನಾವು, ಅದು ಮನುಷ್ಯದೇಹವನ್ನೂ ಹೊಕ್ಕು ಪ್ರಾಣಕ್ಕೆ ಎರವಾಗಬಲ್ಲದೆಂಬುದನ್ನು 2021ರಲ್ಲಿ ಕಂಡೆವು. ಕೊರೋನಾದಿಂದ ಚೇತರಿಸಿಕೊಳ್ಳುತ್ತಿದ್ದ ಹಲವರನ್ನು, ಅದರಲ್ಲೂ ಸಕ್ಕರೆ ಕಾಯಿಲೆಯವರನ್ನೂ ಸ್ಟೀರಾಯ್ಡ್ ಪಡೆದವರನ್ನೂ, ಮ್ಯೂಕರ್‌ಮೈಕೋಸಿಸ್ ಹಿಡಿಯಿತು. ಜನ ಅದನ್ನು 'ಕಪ್ಪು ಶಿಲೀಂಧ್ರ'ವೆಂದರು. ಆಗ ರೋಗಿಗಳ ಬಂಧುಗಳು ಊರೂರು ಹುಡುಕಿದ ಮದ್ದು ಆಂಫೊಟೆರಿಸಿನ್ ಬಿ. ಅದರ ವಿಚಾರವಾಗಿ ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಈ ಮದ್ದು ಮಣ್ಣಿನ ಕೊಡುಗೆ. ವೆನಿಜುವೆಲಾದ ಒರಿನೋಕೋ ನದಿಯ ಸೀಮೆಯಿಂದ ತಂದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಅಮೆರಿಕದ ಸ್ಕ್ವಿಬ್ ಸಂಸ್ಥೆಯ ಸಂಶೋಧಕರು 1950ರ ದಶಕದ ನಡುವಿನಲ್ಲಿ ಇದನ್ನು ಬೇರ್ಪಡಿಸಿದರು. ಆಮ್ಲವಾಗಿಯೂ ಕ್ಷಾರವಾಗಿಯೂ ವರ್ತಿಸಬಲ್ಲ ಉಭಯಗುಣದಿಂದ ಅದಕ್ಕೆ ಈ ಹೆಸರು.

ಶಿಲೀಂಧ್ರಕ್ಕೆ ಮದ್ದು ಹುಡುಕುವುದು ಏಕೆ ಕಷ್ಟ? ಬ್ಯಾಕ್ಟೀರಿಯಾ ನಮಗೆ ಬಹುದೂರದ ಜೀವಿ. ಅದರ ಕೋಶಕ್ಕಿರುವ ಗೋಡೆ ನಮ್ಮ ಕೋಶಕ್ಕಿಲ್ಲ. ಪೆನಿಸಿಲಿನ್ ಆ ಗೋಡೆಯನ್ನಷ್ಟೇ ಕೆಡಿಸುತ್ತದೆ. ಶಿಲೀಂಧ್ರವಾದರೋ ಕೋಶರಚನೆಯಲ್ಲಿ ನಮ್ಮ ದಾಯಾದಿ. ಒಂದು ಮುಖ್ಯ ಭೇದವೆಂದರೆ, ನಮ್ಮ ಕೋಶದ ಪೊರೆಯಲ್ಲಿರುವುದು ಕೊಲೆಸ್ಟರಾಲ್, ಅದರ ಪೊರೆಯಲ್ಲಿರುವುದು ಎರ್ಗೊಸ್ಟೆರಾಲ್. ಆಂಫೊಟೆರಿಸಿನ್ ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯನ್ನು ಕೆಡಿಸಿ ಕೋಶವನ್ನು ಕೊಲ್ಲುತ್ತದೆ. ಆದರೆ ಕೊಲೆಸ್ಟರಾಲೂ ಎರ್ಗೊಸ್ಟೆರಾಲಿನ ಹತ್ತಿರದ ನಂಟನೇ. ಅದನ್ನೂ ಅಷ್ಟಿಷ್ಟು ತಾಕದೆ ಬಿಡದು. ಮೂತ್ರಪಿಂಡಕ್ಕೆ ಆಗುವ ಹಾನಿಗೆ ಇದೂ ಒಂದು ಕಾರಣ. ಮದ್ದನ್ನು ಕೊಬ್ಬಿನ ಅತಿಸೂಕ್ಷ್ಮ ಗೋಲಗಳಲ್ಲಿ ಅಡಗಿಸಿ ಕೊಡುವ ಲೈಪೊಸೋಮ್ ವಿಧಾನ ಈ ಅಪಾಯವನ್ನು ತಗ್ಗಿಸಿತು, ಬೆಲೆಯನ್ನು ಏರಿಸಿತು.

ಇದರ ಉಪಯೋಗ ಶಿಲೀಂಧ್ರಕ್ಕೇ ಮುಗಿಯದು. ಮರಳುನೊಣದಿಂದ ಹರಡುವ ಕಾಲಾ-ಅಜಾರ್ ರೋಗದ ಪರೋಪಜೀವಿಯ ಪೊರೆಯಲ್ಲಿಯೂ ಎರ್ಗೊಸ್ಟೆರಾಲಿನಂಥ ವಸ್ತುವಿದೆ. ತೂಕದ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಒಂದೇ ಸಲ ಕೊಟ್ಟ ಲೈಪೊಸೋಮ್ ಮದ್ದು ಸಾಕೆಂದು ಬಿಹಾರದಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಕೂಲಿ ಕಳೆದುಕೊಳ್ಳುವ ಬಡವನಿಗೆ ಇದು ಸಣ್ಣ ಉಪಕಾರವಲ್ಲ.

ಆದರೂ ಮ್ಯೂಕರ್‌ಮೈಕೋಸಿಸ್‌ನಲ್ಲಿ ಮದ್ದೊಂದೇ ಸಾಲದು. ಸತ್ತ ಅಂಗಾಂಶಕ್ಕೆ ರಕ್ತ ಹರಿಯುವುದಿಲ್ಲ, ರಕ್ತ ಹರಿಯದೆಡೆಗೆ ಮದ್ದೂ ಸಾಗದು. ಶಸ್ತ್ರಚಿಕಿತ್ಸೆ ಬೇಕೇ ಬೇಕು. ಎಷ್ಟೋ ಮಂದಿ ಜೀವ ಉಳಿಸಿಕೊಳ್ಳಲು ಕಣ್ಣನ್ನೇ ತೆತ್ತರು. ಆದ್ದರಿಂದ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ, ವೈದ್ಯರ ಮಾತಿಲ್ಲದೆ ಸ್ಟೀರಾಯ್ಡ್ ಸೇವಿಸದಿರುವುದೂ, ಮುಖದ ಒಂದು ಪಕ್ಕ ಊದಿ ನೋಯತೊಡಗಿದರೆ ಅಥವಾ ದೃಷ್ಟಿ ಮಂಜಾದರೆ ಆ ದಿನವೇ ವೈದ್ಯರಲ್ಲಿಗೆ ಹೋಗುವುದೂ ನಮ್ಮ ಕೈಯಲ್ಲಿರುವ ಕೆಲಸಗಳು.