ಗ್ಯಾರೇಜಿನ ಗೋಡೆಯೂ ಹಳೆಯ ನಂಬರ್ ಪ್ಲೇಟೂ: ಕೆಲವು ತಪ್ಪು ಕಲ್ಪನೆಗಳು

ಪುಣೆಯಿಂದ ಸೋಲಾಪುರದ ಮೇಲಾಗಿ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ ಬೀದರಿನಿಂದ ಕಲಬುರಗಿಯತ್ತ ಹೋಗುವ 50ನೆಯ ಹೆದ್ದಾರಿಯೂ ಹುಮನಾಬಾದಿನಲ್ಲಿ ಸಂಧಿಸುವುದರಿಂದ, ಆ ಊರಿನ ಗ್ಯಾರೇಜುಗಳಿಗೂ, ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಸಿಗುವ ಬಸವಕಲ್ಯಾಣದ ಬಂಗ್ಲಾ ಎಂಬ ಸ್ಥಳದ ಬಳಿಯ ಗ್ಯಾರೇಜುಗಳಿಗೂ ಮೂರು ರಾಜ್ಯಗಳ ವಾಹನಗಳು ಬಂದು ನಿಲ್ಲುವುದು ನಿತ್ಯದ ಸಂಗತಿಯಾಗಿದೆ. ಬೀದರಿನ ಕೆ.ಎ. 38, ಭಾಲ್ಕಿಯ 39, ಬಸವಕಲ್ಯಾಣದ 56, ಕಲಬುರಗಿಯ 32, ಸೋಲಾಪುರದ ಎಂ.ಎಚ್. 13, ಲಾತೂರಿನ 24, ಧಾರಾಶಿವದ 25 ಎಂಬ ಅಂಕಿಗಳನ್ನು ಇಲ್ಲಿಯ ಮೆಕ್ಯಾನಿಕ್ಕು ಹುಡುಗರು ಊರಿನ ಹೆಸರುಗಳಂತೆಯೇ ಉಚ್ಚರಿಸುತ್ತಾರೆ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳೂ ಅತಿಸುರಕ್ಷಿತ ಫಲಕವನ್ನು ಧರಿಸತಕ್ಕದ್ದೆಂದು 2023ರಲ್ಲಿ ರಾಜ್ಯ ಸರ್ಕಾರವು ವಿಧಿಸಿದ ತರುವಾಯ ಹಳೆಯ ಫಲಕಗಳು ರಾಶಿರಾಶಿಯಾಗಿ ಕಳಚಿ ಬಿದ್ದವು; ಅವನ್ನು ಆಯ್ದು ಗೋಡೆಯನ್ನು ಅಲಂಕರಿಸಬೇಕೆಂಬ ಅಭಿರುಚಿಯೂ ಕೆಲವರಲ್ಲಿ ಮೂಡಿತು. ಅಭಿರುಚಿ ಶ್ಲಾಘ್ಯವಾದುದೇ, ಆದರೆ ಅದರೊಡನೆ ಬೆಳೆದುಬಂದಿರುವ ನಂಬಿಕೆಗಳು ಬಹುಮಟ್ಟಿಗೆ ನಿರಾಧಾರವಾದವು.

ಅವುಗಳಲ್ಲಿ ಅತ್ಯಂತ ಅಪಾಯಕರವಾದುದು, ಕಳಚಿದ ಪ್ಲೇಟು ಗುಜರಿಯಷ್ಟೆ, ಯಾರು ಬೇಕಾದರೂ ಒಯ್ದು ತೂಗುಹಾಕಬಹುದೆಂಬ ಭಾವನೆ. ಅಮೆರಿಕೆಯ ಗ್ಯಾರೇಜುಗಳ ಚಿತ್ರಗಳನ್ನು ಕಂಡು ಈ ಭಾವನೆ ಬಲಿತಿರುವುದು ಸಹಜ. ಆ ದೇಶದಲ್ಲಿ ಬಹುಕಾಲ ಅನೇಕ ರಾಜ್ಯಗಳು ವರ್ಷಕ್ಕೊಂದು ಹೊಸ ಫಲಕವನ್ನು, ಅದರ ಮೇಲೆ ಇಸವಿಯನ್ನೇ ಒತ್ತಿ, ಹಂಚುತ್ತಿದ್ದುದರಿಂದ, ವರ್ಷ ಮುಗಿದೊಡನೆ ಹಳೆಯದು ನಿರುಪದ್ರವಿಯಾದ ನೆನಪಾಗಿ ಉಳಿಯುತ್ತಿತ್ತು; 1954ರಲ್ಲಿಯೇ ಅಲ್ಲಿ ಸಂಗ್ರಾಹಕರ ಸಂಘವೊಂದು ಸ್ಥಾಪಿತವಾಗುವಷ್ಟು ಆ ಹವ್ಯಾಸ ಹಬ್ಬಿತು. ನಮ್ಮಲ್ಲಿಯ ವ್ಯವಸ್ಥೆ ಬೇರೆ. ಇಲ್ಲಿ ಸಂಖ್ಯೆಯು ವಾಹನದೊಡನೆ ಹುಟ್ಟಿ, ಅದು ಬೇರೆ ರಾಜ್ಯಕ್ಕೆ ವರ್ಗವಾಗದಿದ್ದರೆ, ಸಾಮಾನ್ಯವಾಗಿ ವಾಹನದೊಡನೆಯೇ ಅಳಿಯುತ್ತದೆ. ಹೊಸ ಫಲಕ ಬಂದರೂ ಸಂಖ್ಯೆ ಹಳೆಯದೇ ಆಗಿರುವುದರಿಂದ, ಕಳಚಿದ ತಗಡಿನಲ್ಲಿ ಇನ್ನೂ ಜೀವಂತವಾಗಿರುವ ಬಂಡಿಯೊಂದರ ಗುರುತು ಅಡಗಿದೆ. ಅದು ಕದ್ದ ಮೋಟಾರು ಸೈಕಲ್ಲಿನ ಹಿಂಬದಿಯನ್ನೇರಿದರೆ ದಂಡದ ಚೀಟಿ ಹೋಗುವುದು ನಿರಪರಾಧಿಯ ಮನೆಗೆ. ಆದುದರಿಂದಲೇ, ಹಳೆಯ ಫಲಕವನ್ನು ಹಿಂದಕ್ಕೆ ಪಡೆದು ನಾಶಪಡಿಸಿದ ಮೇಲೆಯೇ ಹೊಸದನ್ನು ಕೊಡತಕ್ಕದ್ದೆಂದು ಅತಿಸುರಕ್ಷಿತ ಫಲಕಗಳ 2001ರ ಆದೇಶವು ಹೇಳುತ್ತದೆ. ಹಾಗಾಗದೆ ಮಾಲೀಕರ ಕೈಯಲ್ಲಿ ಉಳಿದ ಫಲಕಗಳು ಎಷ್ಟೋ ಇವೆಯೆಂಬುದು ಬೇರೆ ಮಾತು. ನಿಶ್ಚಿಂತೆಯಿಂದ ಗೋಡೆಗೇರಿಸಬಹುದಾದುದು ಯಾವುದೆಂದರೆ, ಸಂಖ್ಯೆ ನಿಜವಾಗಿ ಅಳಿದುಹೋದ ಬಂಡಿಯದು. ವಾಹನವು ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮೋಟಾರು ವಾಹನ ಕಾಯಿದೆಯ 55ನೆಯ ಕಲಮು ವಿಧಿಸುತ್ತದೆ. ಅಜ್ಜನ ಲಾರಿಯ ಫಲಕವನ್ನು ತೂಗುಹಾಕುವವನು ಅದರ ನೋಂದಣಿ ರದ್ದಾದ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಂಡರೆ, ನಾಳೆ ಯಾರಾದರೂ ಪ್ರಶ್ನಿಸಿದಾಗ ಉತ್ತರವು ಕಾಗದದಲ್ಲಿಯೇ ಇರುತ್ತದೆ. ಹೊಸ ಮಾದರಿಯ ಫಲಕವನ್ನಂತೂ ಓಡುವ ಕಾರಿನಿಂದ ಬಿಚ್ಚಿ ಪ್ರದರ್ಶಿಸುವ ಮಾತೇ ಬೇಡ. ಅದರ ಬೀಗವು ಬಿಚ್ಚಿದರೆ ಮುರಿಯುವಂತೆಯೇ ರಚಿತವಾಗಿದೆ.

ಫಲಕವನ್ನು ಕಂಡೊಡನೆ ಅದರ ಕಾಲವನ್ನು ಹೇಳಬಹುದೆಂಬ ಹೆಮ್ಮೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದುದು 1973ರ ನವೆಂಬರ್ 1ರಂದು. ಹಾಗೆಂದು ಅಂದೇ ಎಲ್ಲ ಬಂಡಿಗಳ ಮೇಲೆ ಕೆ.ಎ. ಅಕ್ಷರ ಮೂಡಲಿಲ್ಲ. ಅದು ಬಂದದ್ದು 1989ರ ಮೋಟಾರು ವಾಹನ ನಿಯಮಗಳೊಡನೆ. ಆಂಧ್ರದ ಎ.ಪಿ.ಯು 2014ರಲ್ಲಿ ತೆಲಂಗಾಣಕ್ಕೆ ಟಿ.ಎಸ್. ಆಗಿ, 2024ರಲ್ಲಿ ಟಿ.ಜಿ. ಆದರೂ, ಹೈದರಾಬಾದಿನ ಹಳೆಯ ಎ.ಪಿ. ವಾಹನಗಳು ಅದೇ ಅಕ್ಷರಗಳಿಂದಲೇ ಹುಮನಾಬಾದನ್ನು ದಾಟುತ್ತ ಬಂದಿವೆ. ಕಪ್ಪು ಹಲಗೆಯೆಲ್ಲ ಪುರಾತನವೆಂಬುದೂ ಹುಸಿ: ಕಪ್ಪಿನ ಮೇಲೆ ಬಿಳಿಯ ಅಕ್ಷರವು ಹಿಂದಿನ ಖಾಸಗಿ ವಾಹನಗಳದ್ದು, ಕಪ್ಪಿನ ಮೇಲೆ ಹಳದಿ ಅಕ್ಷರವು ಇಂದಿಗೂ ಸ್ವತಃ ಓಡಿಸಿಕೊಳ್ಳಲು ಬಾಡಿಗೆಗೆ ಕೊಡುವ ಕಾರುಗಳದ್ದು. ಕನ್ನಡ ಅಂಕಿಗಳಲ್ಲಿ ಬರೆಸಿದ ಫಲಕಗಳನ್ನು ಮಾತ್ರ, ದಾರಿಯ ಮೇಲೆ ನಿಯಮವು ಅವನ್ನು ಒಪ್ಪದಿದ್ದರೂ, ಗೋಡೆಯ ಮೇಲೆ ಎದ್ದುಕಾಣುವ ಸ್ಥಳದಲ್ಲಿಯೇ ಇಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಂದು ಭಾಷೆಯ ಜನರ ಅಭಿಮಾನವು ಇಷ್ಟು ಚಿಕ್ಕ ತಗಡಿನ ಮೇಲೆ ಇಷ್ಟು ಸ್ಪಷ್ಟವಾಗಿ ಉಳಿದಿರುವುದು ವಿರಳ.

ಇನ್ನು ಗೋಡೆಗೇರಿಸುವ ಕ್ರಮ. ಭಾರವಿರುವುದರಿಂದ ದಪ್ಪ ಮೊಳೆಯೇ ಬೇಕೆಂದು ಸುತ್ತಿಗೆ ಹಿಡಿಯುವವರಿದ್ದಾರೆ. ಕಾರಿನ 500 ಮಿ.ಮೀ. ಉದ್ದ, 120 ಮಿ.ಮೀ. ಅಗಲದ ಅಲ್ಯೂಮಿನಿಯಂ ಫಲಕವು ಒಂದು ಮಿ.ಮೀ. ದಪ್ಪವಿದ್ದರೆ ಅದರ ತೂಕ ಸುಮಾರು 160 ಗ್ರಾಂ. ಲಾರಿಯ 340ಕ್ಕೆ 200ರ ಅಳತೆಯದು 185 ಗ್ರಾಮಿನ ಆಸುಪಾಸು. ಗೋಡೆಗೆ ಇದು ಭಾರವೇ ಅಲ್ಲ. ತೊಂದರೆಯಿರುವುದು ಗೋಡೆಯ ಗುಣದಲ್ಲಿ ಮತ್ತು ಲೋಹಲೋಹಗಳ ಸಂಸರ್ಗದಲ್ಲಿ. ಬೀದರ್ ಹುಮನಾಬಾದ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯು ರಂಧ್ರಮಯವಾದ ಕಲ್ಲಾಗಿದ್ದು, ಮಳೆಗಾಲದಲ್ಲಿ ತೇವವನ್ನು ಹೀರಿ ಬಹುದಿನ ಹಿಡಿದಿಡುತ್ತದೆ. ಅದರ ಮೇಲಿನ ಗಿಲಾವಿಗೆ ಮೊಳೆ ಹೊಡೆದರೆ ಗಿಲಾವು ಸಿಡಿಯುವುದಲ್ಲದೆ, ಒದ್ದೆಯಾದ ಕಬ್ಬಿಣದ ಮೊಳೆ ತುಕ್ಕು ಹಿಡಿದು ಫಲಕದ ಮೇಲೆ ಕಂದು ಗೆರೆಯನ್ನು ಇಳಿಸುತ್ತದೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಆದುದರಿಂದ ಅದಕ್ಕೆ ಆರೈಕೆ ಬೇಡವೆಂಬುದು ಇದೇ ಜಾತಿಯ ಅರೆಸತ್ಯ. ತುಕ್ಕು ಹಿಡಿಯದೆಂಬುದು ದಿಟ. ಆದರೆ ತೇವವಿರುವೆಡೆ ಕಬ್ಬಿಣವನ್ನು ಮುಟ್ಟಿಕೊಂಡಿದ್ದರೆ ತಾನೇ ಮೊದಲು ಸವೆಯುತ್ತದೆ, ಹಸಿ ಸಿಮೆಂಟಿನ ಮತ್ತು ಸುಣ್ಣದ ಕ್ಷಾರವೂ ಅದನ್ನು ತಿನ್ನುತ್ತದೆ. ಪರಿಹಾರ ಸರಳವಾಗಿದೆ: ಗೋಡೆಗೆ ಎರಡು ಮರದ ಪಟ್ಟಿಗಳನ್ನು ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ ಭದ್ರಪಡಿಸಿ, ಅವುಗಳ ಮೇಲೆ ಪ್ಲೈವುಡ್ಡಿನ ಹಲಗೆಯನ್ನು ಕೂರಿಸಿ, ಫಲಕಗಳನ್ನು ಆ ಹಲಗೆಗೆ ಜೋಡಿಸಿದರೆ, ಹಿಂದೆ ಬೆರಳು ನುಸುಳುವಷ್ಟು ಜಾಗದಲ್ಲಿ ಗಾಳಿಯಾಡುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಅದರಡಿ ನೈಲಾನಿನ ವಾಷರು ಇರಲಿ, ಅದು ಹೋಗುವ ತೂತು ಫಲಕದಲ್ಲಿ ಮೊದಲೇ ಇರುವ ತೂತೇ ಆಗಿರಲಿ. ತೂತಿಲ್ಲದ ಫಲಕಕ್ಕೆ ಡ್ರಿಲ್ಲು ಹಿಡಿಯುವುದು ಅದರ ಬೆಲೆಯನ್ನು ಕೈಯಾರೆ ಕಳೆಯುವ ಕೆಲಸ; ಕನ್ನಡಿಯನ್ನು ಹಿಡಿಯುವ ಕ್ಲಿಪ್ಪುಗಳು ನಾಲ್ಕು ಸಾಕು.

ಅಂಟುಟೇಪು ಗೋಡೆಗೂ ಫಲಕಕ್ಕೂ ನಿರಪಾಯವೆಂದು ಹೇಳುವವರು ತಗಡಿನ ಶೆಡ್ಡಿನಲ್ಲಿ ಒಂದು ಮೇ ತಿಂಗಳನ್ನು ಕಳೆದವರಲ್ಲ. ಕಾದ ಅಂಟು ಮೆತ್ತಗಾಗಿ ಜಾರುತ್ತದೆ, ಕೀಳುವಾಗ ಹಳೆಯ ಬಣ್ಣವನ್ನು ಹೊತ್ತೊಯ್ಯುತ್ತದೆ. ಆಯಸ್ಕಾಂತ ಕಬ್ಬಿಣದ ಫಲಕವನ್ನಷ್ಟೇ ಹಿಡಿಯುವುದು. ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಬೇರ್ಪಡಿಸಿ ಗುರುತಿಸಲು ಅದು ಉಪಯುಕ್ತ.

ತೊಳೆದು ಉಜ್ಜಿ ಹೊಳಪು ಬರಿಸಿದರೆ ಅಂದವೆಂಬ ಭ್ರಮೆಯು ಹಾಳುಮಾಡಿರುವಷ್ಟು ಫಲಕಗಳನ್ನು ಮಳೆಯೂ ಹಾಳುಮಾಡಿರಲಾರದು. ಪೇಂಟರು ಕೈಯಾರೆ ಬರೆದ ಹಳೆಯ ಲಾರಿಯ ಫಲಕವೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿರಿ: 3ರ ಹೊಟ್ಟೆಯಲ್ಲಿ ಕುಂಚ ತಿರುಗಿದೆಡೆ ಬಣ್ಣವು ಸಣ್ಣ ದಡವಾಗಿ ನಿಂತಿರುತ್ತದೆ, ಅಕ್ಷರಗಳು ಸಾಲು ತಪ್ಪದಂತೆ ಮೊದಲು ಎಳೆದ ಸೀಸದ ಕಡ್ಡಿಯ ಗೆರೆ ಕೆಳಗಿನಿಂದ ಇಣುಕುತ್ತದೆ, ಅಂಚಿನಲ್ಲಿ ಹಿಂದಿನ ಬಣ್ಣದ ಪದರವೊಂದು ಚಕ್ಕೆಯೆದ್ದಲ್ಲಿ ಕಾಣುತ್ತದೆ. ಹುಣಿಸೆಹಣ್ಣೋ ಮರಳುಕಾಗದವೋ ತಾಗಿದರೆ ಇವೆಲ್ಲವೂ ಹೋಗಿ ಬರಿಯ ತಗಡು ಉಳಿಯುತ್ತದೆ. ಉಗುರುಬೆಚ್ಚನೆಯ ಸಾಬೂನು ನೀರು, ಮೆತ್ತನೆಯ ಬಟ್ಟೆ, ಆಮೇಲೆ ನೆರಳಿನಲ್ಲಿ ಒಣಗಿಸುವುದು, ಇದಕ್ಕಿಂತ ಹೆಚ್ಚಿನ ಉಪಚಾರ ಬೇಡ. ವಿದೇಶದಿಂದ ಬಂದ ಪಿಂಗಾಣಿಲೇಪದ ಹಳೆಯ ಫಲಕವಾದರೆ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಲೂ ಬಾರದು. ಲೇಪವು ಗಾಜಿನಂಥದು, ತೂತಿನ ಸುತ್ತ ಸಿಡಿಯುತ್ತದೆ.

ಜನರು ರೇಡಿಯಂ ಎಂದು ಕರೆಯುವ ಹೊಳೆಯುವ ಹಾಳೆಯು ಕತ್ತಲಲ್ಲಿ ತಾನೇ ಬೆಳಗುತ್ತದೆ, ಆದುದರಿಂದ ಗೋಡೆಗೆ ದೀಪ ಬೇಡವೆಂಬುದು ಕೊನೆಯ ಕಲ್ಪನೆ. ಆ ಹಾಳೆಯಲ್ಲಿ ರೇಡಿಯಂ ಧಾತುವಿನ ಲೇಶವೂ ಇಲ್ಲ. ಸೂಕ್ಷ್ಮವಾದ ಗಾಜಿನ ಮಣಿಗಳೋ ಪಟ್ಟಕಗಳೋ ಅದರಲ್ಲಿದ್ದು, ತಮ್ಮ ಮೇಲೆ ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಹಿಂದಿನ ಲಾರಿಯ ದೀಪದಿಂದ ಹೊರಟ ಬೆಳಕು ಆ ಲಾರಿಯ ಚಾಲಕನ ಕಣ್ಣಿಗೇ ಮರಳುವುದು ಈ ಕಾರಣದಿಂದ. ಫಲಕದ ನೆತ್ತಿಯ ಮೇಲೆ ದೀಪವಿಟ್ಟರೆ ಹೊಳಪೆಲ್ಲ ಮೇಲಕ್ಕೇ ಹೋಗಿ, ಎದುರು ನಿಂತವನಿಗೆ ಫಲಕವು ಮಂಕಾಗಿ ತೋರುತ್ತದೆ. ದೀಪವನ್ನು ಎದುರುಗೋಡೆಯಲ್ಲಿ, ನೋಡುವವನ ತಲೆಗಿಂತ ತುಸುವೇ ಮೇಲೆ ಬರುವಂತೆ ಇಡತಕ್ಕದ್ದು; ಬಿಸಿಲು ನೇರವಾಗಿ ಬೀಳುವ ಗೋಡೆಯನ್ನು ಬಿಟ್ಟುಬಿಡತಕ್ಕದ್ದು, ಏಕೆಂದರೆ ಹಾಳೆಯ ಹಳದಿಯೂ ಪೇಂಟಿನ ಕೆಂಪೂ ಬಿಸಿಲಿಗೆ ವರ್ಷಗಳಲ್ಲಿ ಸೋಲುತ್ತವೆ.